ಪ್ಯಾಕೆಟ್ ರೇಡಿಯೊ ಶುರು ಮಾಡುವವರಿಗೆ: ಸಾಫ್ಟ್‌ವೇರ್, ಕೇಬಲ್, ರೇಡಿಯೊ ಆರಿಸುವ ಸಮಗ್ರ ಮಾರ್ಗದರ್ಶಿ

ಹ್ಯಾಮ್ ಲೈಸೆನ್ಸ್ (ಹವ್ಯಾಸಿ ರೇಡಿಯೊ ಪರವಾನಗಿ) ಕೈಗೆ ಬಂದ ಮೇಲೆ, ಕಂಪ್ಯೂಟರ್ ಹುಚ್ಚಿರುವವರು ಕೇಳುವ ಮೊದಲ ಪ್ರಶ್ನೆ ಸಾಮಾನ್ಯವಾಗಿ ಇದೇ: "ಪ್ಯಾಕೆಟ್ ಮಾಡೋಕೆ ಯಾವ ರೇಡಿಯೊ ತಗೊಳ್ಳಲಿ?" ಈ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಳ್ಳಿ. ನಾನು ಕಳಿಸಿದ ಪ್ಯಾಕೆಟ್‌ಗೆ ಆ ಕಡೆಯಿಂದ ಉತ್ತರ ಕೊಡುವವರು ಯಾರು? ಮೊದಲು ಕೇಳಿಕೊಳ್ಳಬೇಕಾದ್ದು ಇದು. ಅಮೆರಿಕ, ಯುರೋಪಿನ ಹಲವು ಊರುಗಳಲ್ಲಿ ಆಂಟೆನಾ ಏರಿಸಿದ ತಕ್ಷಣ ಯಾವುದಾದರೂ ಸ್ಟೇಷನ್ ಕೇಳಿಸುತ್ತದೆ. ನಮ್ಮಲ್ಲಿ ಹಾಗಲ್ಲ. ಕರ್ನಾಟಕದ ಬಹುಪಾಲು ಊರುಗಳಲ್ಲಿ ನೀವೇ ಮೊದಲಿಗರಾಗಿರುವ ಸಾಧ್ಯತೆ ಜಾಸ್ತಿ. ಅದಕ್ಕೇ ಇಲ್ಲಿ ಹೇಳುವ ಕ್ರಮ ಸ್ವಲ್ಪ ಬೇರೆ: ಮೊದಲು ಎದುರಿನವರು, ಆಮೇಲೆ ಸಾಫ್ಟ್‌ವೇರ್, ಆಮೇಲೆ ನಡುವಿನ ಕೇಬಲ್, ಕೊನೆಗೆ ರೇಡಿಯೊ.

ಪ್ಯಾಕೆಟ್ ಅಂದರೆ ಏನು ಅಂತ ಚುಟುಕಾಗಿ ಹೇಳಿಬಿಡುತ್ತೇನೆ. ಕಂಪ್ಯೂಟರಿನ ಅಕ್ಷರಗಳನ್ನು ಸಣ್ಣ ಸಣ್ಣ ಕಟ್ಟುಗಳಾಗಿ ಮಾಡಿ, ಎರಡು ಸ್ವರಗಳಾಗಿ ಬದಲಿಸಿ, ಎಫ್‌ಎಂ ರೇಡಿಯೊದಲ್ಲಿ ಕಳಿಸುವುದು. 1200 ಬಾಡ್ (ಸೆಕೆಂಡಿಗೆ 1200 ಬಿಟ್ ವೇಗದ) ಪ್ಯಾಕೆಟ್‌ನಲ್ಲಿ ಆ ಸ್ವರಗಳು 1200 ಹರ್ಟ್ಸ್ ಮತ್ತು 2200 ಹರ್ಟ್ಸ್. ಕಟ್ಟು ಹೇಗಿರಬೇಕು ಅನ್ನುವ ನಿಯಮದ ಹೆಸರು ಎಎಕ್ಸ್.25. ಕೆನಡಾದ ಮಾಂಟ್ರಿಯಲ್‌ನ ಹ್ಯಾಮ್‌ಗಳು 1978ರಲ್ಲೇ ಪ್ಯಾಕೆಟ್ ಪ್ರಯೋಗ ಮಾಡಿದ್ದರು. 1985ರಲ್ಲಿ ಅಮೆರಿಕದ ಟೂಸಾನ್‌ನ ಟ್ಯಾಪರ್ ಸಂಘದ ಟಿಎನ್‌ಸಿ-2 ಬಂದ ಮೇಲೆ ಇದು ಲೋಕಕ್ಕೆಲ್ಲ ಹರಡಿತು. ಟಿಎನ್‌ಸಿ ಅಂದರೆ ರೇಡಿಯೊ ಮತ್ತು ಕಂಪ್ಯೂಟರ್ ನಡುವೆ ಕೂರುವ ಮೋಡೆಮ್ ಪೆಟ್ಟಿಗೆ. ಇವತ್ತು ಆ ಪೆಟ್ಟಿಗೆಯ ಕೆಲಸವನ್ನು ಬಹುಪಾಲು ಸಾಫ್ಟ್‌ವೇರೇ ಮಾಡುತ್ತದೆ.

ಹಂತ 1: ಎದುರುಗಡೆ ಯಾರಿದ್ದಾರೆ ನೋಡಿ

ನಿಮಗೆ ನಾಲ್ಕು ದಾರಿಗಳಿವೆ.

ಮೊದಲನೆಯದು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ, ಅಂದರೆ ಐಎಸ್‌ಎಸ್. ಅದರಲ್ಲಿರುವ ಹ್ಯಾಮ್ ರೇಡಿಯೊ 145.825 ಮೆಗಾಹರ್ಟ್ಸ್‌ನಲ್ಲಿ ನಿಮ್ಮ ಪ್ಯಾಕೆಟ್ ಕೇಳಿಸಿಕೊಂಡು, ಅದೇ ಫ್ರೀಕ್ವೆನ್ಸಿಯಲ್ಲಿ ಮರಳಿ ಕಳಿಸುತ್ತದೆ. ಇದಕ್ಕೆ ಡಿಜಿಪೀಟರ್ ಅನ್ನುತ್ತಾರೆ. ಒಂದು ಪಾಸ್, ಅಂದರೆ ಅದು ನಮ್ಮ ಆಕಾಶದಲ್ಲಿ ಒಮ್ಮೆ ಹಾದು ಹೋಗುವ ಸಮಯ, ಹೆಚ್ಚೆಂದರೆ ಹತ್ತು ನಿಮಿಷ. ಒಬ್ಬರೇ ಶುರು ಮಾಡುವವರಿಗೆ ಇದಕ್ಕಿಂತ ಒಳ್ಳೆಯ ಜೊತೆಗಾರ ಇಲ್ಲ. ಆದರೆ ಕೆಲವೊಮ್ಮೆ ಆ ರೇಡಿಯೊವನ್ನು ಧ್ವನಿ ರಿಪೀಟರ್ ಆಗಿ ಬದಲಿಸಿರುತ್ತಾರೆ, ಇಲ್ಲವೇ ಆಫ್ ಮಾಡಿರುತ್ತಾರೆ. ಪಾಸ್‌ಗೆ ಕಾಯುವ ಮೊದಲು ಅದರ ಸ್ಥಿತಿ ನೋಡಿಕೊಳ್ಳಿ.

ದಕ್ಷಿಣ ಕರ್ನಾಟಕದವರಿಗೆ ಇನ್ನೊಂದು ಅನುಕೂಲ ಇದೆ. ಇಂಡೊನೇಷ್ಯಾದ ಲಪಾನ್-ಎ2 ಉಪಗ್ರಹವನ್ನು ಇಸ್ರೊ 2015ರ ಸೆಪ್ಟೆಂಬರ್ 28ರಂದು ಆಸ್ಟ್ರೋಸ್ಯಾಟ್ ಜೊತೆ ಪಿಎಸ್‌ಎಲ್‌ವಿ-ಸಿ30ರಲ್ಲಿ ಹಾರಿಸಿತು. ಹ್ಯಾಮ್‌ಗಳು ಅದನ್ನು ಐಒ-86 ಅನ್ನುತ್ತಾರೆ. ಅದರಲ್ಲೂ 145.825ರ ಎಪಿಆರ್‌ಎಸ್ (ಜಾಗ, ಪುಟ್ಟ ಸಂದೇಶ ಸಾರುವ ಪ್ಯಾಕೆಟ್ ವಿಧಾನ) ಡಿಜಿಪೀಟರ್ ಇದೆ. ಅದು ಭೂಮಧ್ಯರೇಖೆಗೆ ಬರೀ 6 ಡಿಗ್ರಿ ಓರೆಯಲ್ಲಿ ಸುತ್ತುವುದರಿಂದ, ಸುಮಾರು ಒಂದೂಮುಕ್ಕಾಲು ಗಂಟೆಗೊಮ್ಮೆ ನಮ್ಮ ದಕ್ಷಿಣದ ಆಕಾಶದಲ್ಲಿ ಹಾದು ಹೋಗುತ್ತದೆ. ಯುರೋಪಿನವರಿಗೆ ಈ ಭಾಗ್ಯ ಇಲ್ಲ. ಅದು ಯಾವಾಗ ಯಾವ ಮೋಡ್‌ನಲ್ಲಿ ಇರುತ್ತದೆ ಅನ್ನುವುದಕ್ಕೆ ವೇಳಾಪಟ್ಟಿ ಇರುತ್ತದೆ, ಅದನ್ನು ನೋಡಿಯೇ ಪ್ರಯತ್ನಿಸಿ.

ಎರಡನೆಯದು ನಿಮ್ಮ ಗೆಳೆಯರೊಬ್ಬರು. ನನ್ನ ಒತ್ತಾಯ ಇಲ್ಲೇ ಇರುವುದು. ಒಬ್ಬರೇ ಕೊಳ್ಳಬೇಡಿ, ಇಬ್ಬರು ಸೇರಿ ಒಂದೇ ತರಹದ ಎರಡು ಸೆಟ್ ಕೊಳ್ಳಿ. ಒಂದೇ ರೇಡಿಯೊ, ಒಂದೇ ಕೇಬಲ್, ಒಂದೇ ಸಾಫ್ಟ್‌ವೇರ್. ಒಬ್ಬರಿಗೆ ಗೊತ್ತಾದ ಸೆಟ್ಟಿಂಗ್ ಇನ್ನೊಬ್ಬರಿಗೆ ಹಾಗೇ ಕೂರುತ್ತದೆ. ತೊಂದರೆ ಬಂದಾಗ ಕೇಬಲ್ ಅದಲು ಬದಲು ಮಾಡಿ ಯಾವುದು ಕೆಟ್ಟಿದೆ ಅಂತ ಐದು ನಿಮಿಷದಲ್ಲಿ ಕಂಡುಹಿಡಿಯಬಹುದು.

ಮೂರನೆಯದು ನೆಲದ ಮೇಲಿನ ಎಪಿಆರ್‌ಎಸ್. ಬಾಬ್ ಬ್ರುನಿಂಗ ಅವರು ರೂಪಿಸಿದ ಈ ವಿಧಾನದಲ್ಲಿ ಸ್ಟೇಷನ್‌ಗಳು ತಾವಿರುವ ಜಾಗ, ಹವಾಮಾನ, ಪುಟ್ಟ ಸಂದೇಶಗಳನ್ನು ಡಂಗುರ ಹೊಡೆದ ಹಾಗೆ ಎಲ್ಲರಿಗೂ ಸಾರುತ್ತವೆ. ಎಪಿಆರ್‌ಎಸ್.ಎಫ್‌ಐ ತಾಣದ ನಕ್ಷೆಯಲ್ಲಿ ನಿಮ್ಮ ಜಿಲ್ಲೆಯನ್ನು ನೋಡಿ. ಅಲ್ಲಿ ಕಾಣುವವರಲ್ಲಿ ಎಷ್ಟು ಜನ ರೇಡಿಯೊದಿಂದ ಬಂದವರು, ಎಷ್ಟು ಜನ ಮೊಬೈಲ್ ಇಂಟರ್ನೆಟ್‌ನಿಂದ ಬಂದವರು ಅಂತ ವಿವರ ತೆರೆದು ಗಮನಿಸಿ. ರೇಡಿಯೊದಿಂದ ಬಂದವರಿದ್ದರೆ ಮಾತ್ರ ನಿಮಗೆ ಲಾಭ. ಅವರು ಬಳಸುವ ಫ್ರೀಕ್ವೆನ್ಸಿಯನ್ನೇ ನೀವೂ ಬಳಸಬೇಕು. ಅಮೆರಿಕದ 144.390, ಯುರೋಪಿನ 144.800 ಅಂತ ಪುಸ್ತಕದಲ್ಲಿ ಓದಿ ಸುಮ್ನೆ ಹಾಕಿಕೊಳ್ಳಬೇಡಿ.

ನಾಲ್ಕನೆಯದು ವಿನ್‌ಲಿಂಕ್, ಅಂದರೆ ರೇಡಿಯೊ ಮೂಲಕ ಇಮೇಲ್. ಹತ್ತಿರದಲ್ಲಿ ವಿಎಚ್‌ಎಫ್ (ನಾವು ಬಳಸುವ 145 ಮೆಗಾಹರ್ಟ್ಸ್ ಸೇರುವ ಅಲೆಗಳ ಗುಂಪು) ಗೇಟ್‌ವೇ, ಅಂದರೆ ರೇಡಿಯೊವನ್ನು ಇಂಟರ್ನೆಟ್‌ಗೆ ಸೇರಿಸುವ ಸ್ಟೇಷನ್, ಇಲ್ಲದಿದ್ದರೆ ಪ್ಯಾಕೆಟ್‌ನಲ್ಲಿ ಅದು ನಡೆಯುವುದಿಲ್ಲ. ಸದ್ಯಕ್ಕೆ ಬಿಟ್ಟುಬಿಡಿ.

ಕಾನೂನಿನ ಮಾತು ಇಲ್ಲೇ ಮುಗಿಸೋಣ. ಟ್ರಾನ್ಸ್‌ಮಿಟ್ ಮಾಡಲು ಕೇಂದ್ರ ಸರ್ಕಾರದ ಡಬ್ಲ್ಯೂಪಿಸಿ ವಿಭಾಗ ಕೊಡುವ ಲೈಸೆನ್ಸ್ ಬೇಕೇ ಬೇಕು. ಅರ್ಜಿ ಸರಳ್ ಸಂಚಾರ್ ಪೋರ್ಟಲ್‌ನಲ್ಲಿ. ನಮ್ಮ 2 ಮೀಟರ್ ಬ್ಯಾಂಡ್ 144ರಿಂದ 146 ಮೆಗಾಹರ್ಟ್ಸ್. ನಿಮ್ಮ ದರ್ಜೆಗೆ ಎಷ್ಟು ಪವರ್, ಯಾವ ಮೋಡ್ ಅಂತ ಲೈಸೆನ್ಸ್‌ನಲ್ಲೇ ನೋಡಿ. ಗುಪ್ತ ಸಂಕೇತದಲ್ಲಿ ಕಳಿಸುವ ಹಾಗಿಲ್ಲ. ಸ್ಟೇಷನ್ ಅನ್ನು ಇಂಟರ್ನೆಟ್‌ಗೆ ಸೇರಿಸುವ ಯೋಚನೆ ಇದ್ದರೆ ಷರತ್ತುಗಳನ್ನು ಮೊದಲು ಓದಿಕೊಳ್ಳಿ.

ಹಂತ 2: ಸಾಫ್ಟ್‌ವೇರ್ ಆರಿಸಿ

ಹೊಸಬರು ಗೊಂದಲ ಮಾಡಿಕೊಳ್ಳುವುದು ಇಲ್ಲಿ. ಪ್ಯಾಕೆಟ್‌ಗೆ ಎರಡು ಪ್ರೋಗ್ರಾಂ ಬೇಕು. ಒಂದು ಮೋಡೆಮ್: ಸ್ವರಗಳನ್ನು ಕಟ್ಟುಗಳಾಗಿ, ಕಟ್ಟುಗಳನ್ನು ಸ್ವರಗಳಾಗಿ ಬದಲಿಸುವುದು. ಇನ್ನೊಂದು ನೀವು ಕಣ್ಣಲ್ಲಿ ನೋಡುವ ಪ್ರೋಗ್ರಾಂ: ನಕ್ಷೆ, ಚಾಟ್ ಅಥವಾ ಮೇಲ್. ಇವೆರಡರ ನಡುವೆ ಮಾತುಕತೆ ನಡೆಯುವುದು ಕಿಸ್ ಅಥವಾ ಎಜಿಡಬ್ಲ್ಯೂ ಅನ್ನುವ ಭಾಷೆಯಲ್ಲಿ.

ಮೋಡೆಮ್ ವಿಷಯದಲ್ಲಿ ನನ್ನ ಆಯ್ಕೆ ಸ್ಪಷ್ಟ. ಲಿನಕ್ಸ್ ಅಥವಾ ರಾಸ್ಪ್‌ಬೆರಿ ಪೈ ಇದ್ದರೆ ಡೈರ್‌ವುಲ್ಫ್. ವಿಂಡೋಸ್ ಇದ್ದು, ಟೈಪ್ ಮಾಡಿ ಕಾನ್ಫಿಗ್ ಫೈಲ್ ತಿದ್ದುವುದು ಬೇಡ ಅನ್ನುವವರಿಗೆ ಯುಝಡ್7ಎಚ್‌ಒ (ಅದನ್ನು ಬರೆದ ಹ್ಯಾಮ್‌ನ ಕಾಲ್‌ಸೈನ್, ಅಂದರೆ ಲೈಸೆನ್ಸ್‌ನಲ್ಲಿ ಕೊಟ್ಟ ಗುರುತು) ಸೌಂಡ್‌ಮೋಡೆಮ್. ಎರಡೂ ಉಚಿತ. ಸೌಂಡ್‌ಮೋಡೆಮ್‌ನಲ್ಲಿ ಸಿಗ್ನಲ್ ಕಣ್ಣಿಗೆ ಕಾಣುವ ವಾಟರ್‌ಫಾಲ್ ಇದೆ, ಕಲಿಯುವವರಿಗೆ ಅದು ಬಹಳ ಸಹಾಯ. ಡೈರ್‌ವುಲ್ಫ್‌ನಲ್ಲಿ ಚಿತ್ರ ಏನೂ ಇಲ್ಲ. ಆದರೆ ಬಂದ ಪ್ರತಿ ಪ್ಯಾಕೆಟ್‌ನ ಆಡಿಯೊ ಮಟ್ಟವನ್ನು ಸಂಖ್ಯೆಯಲ್ಲಿ ಹೇಳುತ್ತದೆ, ಪ್ಯಾಕೆಟ್ ಒಳಗೆ ಏನಿದೆ ಅಂತ ಬಿಡಿಸಿ ಹೇಳುತ್ತದೆ, ತಪ್ಪಾಗಿ ಬರೆದ ಪ್ಯಾಕೆಟ್ ಕಂಡರೆ ಎಚ್ಚರಿಸುತ್ತದೆ. ಅದರ ಜೊತೆ ಬರುವ ಕೈಪಿಡಿಯನ್ನು ಓದಿದರೆ ಪ್ಯಾಕೆಟ್ ಬಗ್ಗೆ ಅರ್ಧ ಕಲಿತ ಹಾಗೇ.

ಮೇಲಿನ ಪ್ರೋಗ್ರಾಂ ನಿಮ್ಮ ಉದ್ದೇಶದ ಮೇಲೆ ನಿಂತಿದೆ. ಎಪಿಆರ್‌ಎಸ್ ನಕ್ಷೆಗೆ ಯಾಕ್ ಒಳ್ಳೆಯದು, ಜಾವಾ ಇರುವ ಯಾವ ಕಂಪ್ಯೂಟರಿನಲ್ಲೂ ಓಡುತ್ತದೆ. ವಿಂಡೋಸ್‌ಗೆ ಪಿನ್‌ಪಾಯಿಂಟ್ ಸುಲಭ. ಲಿನಕ್ಸ್‌ನ ಹಳಬರು ಎಕ್ಸಾಸ್ಟರ್ ಬಿಡುವುದಿಲ್ಲ. ಆಂಡ್ರಾಯ್ಡ್‌ನಲ್ಲಿ ಎಪಿಆರ್‌ಎಸ್‌ಡ್ರಾಯ್ಡ್. ಇಬ್ಬರು ನೇರವಾಗಿ ಟೈಪ್ ಮಾಡಿ ಮಾತಾಡುವುದಕ್ಕೆ ಯುಝಡ್7ಎಚ್‌ಒ ಅವರದೇ ಈಸಿಟರ್ಮ್, ಅಥವಾ ಜಿ8ಬಿಪಿಕ್ಯೂ ಅವರ ಕ್ಯೂಟಿಟರ್ಮ್‌ಟಿಸಿಪಿ. ಕ್ಲಬ್ಬಿಗೆ ಒಂದು ಮೇಲ್‌ಬಾಕ್ಸ್ ಇಡಬೇಕು ಅನ್ನುವ ಮಟ್ಟಕ್ಕೆ ಬಂದಾಗ ಜಿ8ಬಿಪಿಕ್ಯೂ ಅವರ ಲಿನ್‌ಬಿಪಿಕ್ಯೂ ನೋಡಿ. ಲಿನಕ್ಸ್ ಕರ್ನಲ್ ಒಳಗೇ ಎಎಕ್ಸ್.25 ಇದೆ ಅಂತ ಯಾರಾದರೂ ಹೇಳುತ್ತಾರೆ. ಶುರುವಿನಲ್ಲಿ ಆ ದಾರಿ ಹಿಡಿಯಬೇಡಿ, ತೊಡಕು ಜಾಸ್ತಿ.

ಸಾಫ್ಟ್‌ವೇರ್ ಆರಿಸಿದ ಮೇಲೆ ರೇಡಿಯೊ ಕೊಳ್ಳದೆಯೇ ಪರೀಕ್ಷೆ ಮಾಡಿ. ಕೆಲವು ಸಾವಿರ ರೂಪಾಯಿಗೆ ಸಿಗುವ ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ (ಯುಎಸ್‌ಬಿಗೆ ಚುಚ್ಚುವ, ಕೇಳಲು ಮಾತ್ರ ಆಗುವ ರೇಡಿಯೊ) ತಗೊಂಡು, ಸುಮಾರು 49 ಸೆಂಟಿಮೀಟರ್ ಉದ್ದದ ಕಾಲು ಅಲೆ ಆಂಟೆನಾ ಮಾಡಿ, ತಾರಸಿಯಲ್ಲಿ ಐಎಸ್‌ಎಸ್ ಪಾಸ್ ಕೇಳಿ. ಪಾಸ್ ಸಮಯ ಹೇಳಲು ಕಂಪ್ಯೂಟರಿನಲ್ಲಿ ಜಿಪ್ರೆಡಿಕ್ಟ್, ಮೊಬೈಲ್‌ನಲ್ಲಿ ಲುಕ್4ಸ್ಯಾಟ್ ಇವೆ. ಡಾಂಗಲ್‌ನ ಆರ್‌ಟಿಎಲ್-ಎಫ್‌ಎಂ ಪ್ರೋಗ್ರಾಂನಿಂದ ಬರುವ ಆಡಿಯೊವನ್ನು ನೇರ ಡೈರ್‌ವುಲ್ಫ್‌ಗೆ ಹರಿಸಬಹುದು. ಪರದೆಯ ಮೇಲೆ ಮೊದಲ ಕಾಲ್‌ಸೈನ್ ಮೂಡಿದಾಗ ಆಗುವ ಖುಷಿ ಬೇರೆಯೇ. ಸಾಫ್ಟ್‌ವೇರ್ ಭಾಗ ಸರಿಯಿದೆ ಅನ್ನುವುದೂ ಅಲ್ಲೇ ಖಾತ್ರಿ ಆಗುತ್ತದೆ.

ಹಂತ 3: ನಡುವಿನ ಕೊಂಡಿ, ಅಂದರೆ ಇಂಟರ್‌ಫೇಸ್

ದುಡ್ಡು ಹಾಕುವುದಾದರೆ ಇಲ್ಲಿ ಹಾಕಿ. ನಾನು ನೋಡಿದ ಮಟ್ಟಿಗೆ ಪ್ಯಾಕೆಟ್ ಸ್ಟೇಷನ್ ಕೈಕೊಡುವುದು ಹೆಚ್ಚಾಗಿ ರೇಡಿಯೊದಿಂದಲ್ಲ, ಈ ಕೇಬಲ್‌ನಿಂದ.

ಇಂಟರ್‌ಫೇಸ್ ಮಾಡಬೇಕಾದ ಕೆಲಸ ಮೂರು: ರೇಡಿಯೊದ ಆಡಿಯೊ ಕಂಪ್ಯೂಟರಿಗೆ ಕೊಡುವುದು, ಕಂಪ್ಯೂಟರಿನ ಆಡಿಯೊ ರೇಡಿಯೊಗೆ ಕೊಡುವುದು, ಸರಿಯಾದ ಕ್ಷಣದಲ್ಲಿ ಪಿಟಿಟಿ (ಟ್ರಾನ್ಸ್‌ಮಿಟ್ ಗುಂಡಿ) ಒತ್ತುವುದು. ಮೂರನೆಯದನ್ನು ರೇಡಿಯೊದ ವಾಕ್ಸ್‌ಗೆ (ಸದ್ದು ಬಂದರೆ ತಾನೇ ಟ್ರಾನ್ಸ್‌ಮಿಟ್ ಮಾಡುವ ವ್ಯವಸ್ಥೆ) ಬಿಟ್ಟರೆ ಕೇಬಲ್ ಅಗ್ಗ ಆಗುತ್ತದೆ ನಿಜ. ಆದರೆ ವಾಕ್ಸ್ ಬೇಡ. ಪ್ಯಾಕೆಟ್ ಮುಗಿದ ಮೇಲೂ ಅದು ಟ್ರಾನ್ಸ್‌ಮಿಟ್ ಹಿಡಿದುಕೊಂಡಿರುತ್ತದೆ. ಅಷ್ಟರಲ್ಲಿ ಎದುರಿನವರ ಉತ್ತರ ಬಂದು ಹೋಗಿರುತ್ತದೆ. ನಿಮ್ಮ ಸ್ಟೇಷನ್ ಉತ್ತರ ಬರಲಿಲ್ಲ ಅಂದುಕೊಂಡು ಮತ್ತೆ ಮತ್ತೆ ಕಳಿಸುತ್ತದೆ.

ನೆನಪಿಡಬೇಕಾದ ಇನ್ನೊಂದು ವಿಷಯ: ರಾಸ್ಪ್‌ಬೆರಿ ಪೈಗೆ ಆಡಿಯೊ ಇನ್‌ಪುಟ್ ಇಲ್ಲ. ಹೊರಗಿನ ಯುಎಸ್‌ಬಿ ಸೌಂಡ್ ಕಾರ್ಡ್ ಬೇಕೇ ಬೇಕು.

ಕೈಯಲ್ಲಿ ಬಾವೊಫೆಂಗ್ ತರಹದ ಹ್ಯಾಂಡಿ (ಕೈಯಲ್ಲಿ ಹಿಡಿಯುವ ಪುಟ್ಟ ರೇಡಿಯೊ) ಇದ್ದರೆ ಎಐಒಸಿ ಅನ್ನುವ ಪುಟ್ಟ ಬೋರ್ಡ್ ಅತಿ ಸರಳ. ಅದು ಓಪನ್ ಸೋರ್ಸ್ ವಿನ್ಯಾಸ. ಹ್ಯಾಂಡಿಯ ಎರಡು ಪಿನ್ ಜಾಕ್‌ಗೆ ನೇರ ಚುಚ್ಚಿಕೊಳ್ಳುತ್ತದೆ. ಕಂಪ್ಯೂಟರಿಗೆ ಅದು ಸೌಂಡ್ ಕಾರ್ಡ್ ಆಗಿಯೂ ಸೀರಿಯಲ್ ಪೋರ್ಟ್ ಆಗಿಯೂ ಕಾಣುತ್ತದೆ, ಪಿಟಿಟಿ ಅದರ ಮೂಲಕವೇ. ಮೊಬೈಲ್ ಅಥವಾ ಬೇಸ್ ರೇಡಿಯೊ ಇದ್ದರೆ ಡಿಜಿರಿಗ್ ಅಥವಾ ಸಿಗ್ನಲಿಂಕ್. ಸಿಗ್ನಲಿಂಕ್ ದೊಡ್ಡದು, ಆದರೆ ಆಡಿಯೊ ಮಟ್ಟ ತಿರುಗಿಸಲು ಮುಂದೆಯೇ ನಾಬ್‌ಗಳಿವೆ. ಅದು ಪಿಟಿಟಿಯನ್ನು ಒಳಗೇ ಆಡಿಯೊ ನೋಡಿ ಒತ್ತುತ್ತದೆ, ಅದರ ಡಿಲೇ ನಾಬ್ ಅನ್ನು ಕನಿಷ್ಠಕ್ಕೆ ಇಡಿ.

ಬೆಸುಗೆ ಹಾಕಲು ಬರುವವರು ಸಿಎಂ108 ಅಥವಾ ಸಿಎಂ119 ಚಿಪ್ ಇರುವ ಅಗ್ಗದ ಯುಎಸ್‌ಬಿ ಸೌಂಡ್ ಕಾರ್ಡ್ ಹುಡುಕಿ. ಆ ಚಿಪ್‌ನ ಜಿಪಿಐಒ ಪಿನ್‌ನಿಂದ ಒಂದು ಟ್ರಾನ್ಸಿಸ್ಟರ್ ಮೂಲಕ ಪಿಟಿಟಿ ಒತ್ತಿಸಬಹುದು, ಡೈರ್‌ವುಲ್ಫ್‌ಗೆ ಅದು ಗೊತ್ತಿದೆ. ಬೆಂಗಳೂರಿನವರಿಗೆ ಎಸ್‌ಪಿ ರೋಡಿನಲ್ಲಿ ಟ್ರಾನ್ಸಿಸ್ಟರ್, ಜಾಕ್, ಶೀಲ್ಡ್ ವೈರ್ ಎಲ್ಲ ಸಿಗುತ್ತವೆ.

ಸೌಂಡ್ ಕಾರ್ಡಿನ ರಗಳೆಯೇ ಬೇಡ ಅನ್ನುವವರಿಗೆ ನಿನೊಟಿಎನ್‌ಸಿ ಇದೆ. ಅಮೆರಿಕದ ಉತ್ತರ ಕ್ಯಾರೊಲಿನಾದ ಟಾರ್ಪನ್ ಜಾಲದವರು ಬಳಸುವ ಕಿಟ್ ಅದು. ಮೋಡೆಮ್ ಎಲ್ಲ ಅದರೊಳಗೇ, ಯುಎಸ್‌ಬಿಯಿಂದಲೇ ಕರೆಂಟ್. ನಡೆದಾಡುತ್ತ ಮೊಬೈಲ್ ಫೋನ್ ಜೊತೆ ಬಳಸುವವರಿಗೆ ಬ್ಲೂಟೂತ್ ಇರುವ ಮೊಬಿಲಿಂಕ್ಡ್ ಇದೆ.

ಹಂತ 4: ಈಗ ರೇಡಿಯೊ

1200 ಬಾಡ್‌ಗೆ ಯಾವ ಎಫ್‌ಎಂ ಹ್ಯಾಮ್ ರೇಡಿಯೊ ಆದರೂ ನಡೆಯುತ್ತದೆ. ಮೈಕ್ ಜಾಕ್, ಸ್ಪೀಕರ್ ಜಾಕ್ ಸಾಕು. 9600 ಬಾಡ್‌ಗೆ ಹಾಗಲ್ಲ. ಮೈಕ್ ಮತ್ತು ಸ್ಪೀಕರ್ ದಾರಿಯಲ್ಲಿ ರೇಡಿಯೊ ಆಡಿಯೊವನ್ನು ತಿದ್ದುತ್ತದೆ, ಆ ತಿದ್ದುವಿಕೆ 9600ರ ಸಿಗ್ನಲನ್ನು ಕೆಡಿಸುತ್ತದೆ. ಅದಕ್ಕೆ ಹಿಂದೆ 6 ಪಿನ್ ಮಿನಿ ಡಿನ್ ಡೇಟಾ ಪೋರ್ಟ್ ಇರುವ ರೇಡಿಯೊ ಬೇಕು. ಕೆನ್‌ವುಡ್ ಟಿಎಂ-ವಿ71, ಯೇಸು ಎಫ್‌ಟಿ-857ಡಿ, ಎಫ್‌ಟಿ-8800 ಇಂಥವು. ಸೆಕೆಂಡ್‌ಹ್ಯಾಂಡ್ ಸಿಕ್ಕರೆ ಇವೇ ನನ್ನ ಮೊದಲ ಆಯ್ಕೆ. ವರ್ಷಗಟ್ಟಲೆ ಒಂದೇ ಕಡೆ ಕೂತು ಕೆಲಸ ಮಾಡುತ್ತವೆ.

ಜಾಹೀರಾತಿನಲ್ಲಿ "ಎಪಿಆರ್‌ಎಸ್ ಇದೆ" ಅಂದ ಮಾತ್ರಕ್ಕೆ ಪ್ಯಾಕೆಟ್‌ಗೆ ಆಗುತ್ತದೆ ಅಂದುಕೊಳ್ಳಬೇಡಿ. ಕೇಳಬೇಕಾದ ಪ್ರಶ್ನೆ: "ಕಿಸ್ ಮೋಡ್ ಇದೆಯಾ?" ಕೆನ್‌ವುಡ್ ಟಿಎಚ್-ಡಿ74, ಡಿ75ರಲ್ಲಿ ಇದೆ. ಹಾಗಾಗಿ ಅವುಗಳ ಒಳಗಿನ ಮೋಡೆಮನ್ನು ನಿಮ್ಮ ಕಂಪ್ಯೂಟರ್ ಬಳಸಬಹುದು. ಯೇಸು ಎಫ್‌ಟಿ5ಡಿಯಲ್ಲಿ ಎಪಿಆರ್‌ಎಸ್ ಚೆನ್ನಾಗಿದೆ, ಆದರೆ ಕಿಸ್ ಇಲ್ಲ.

ಅಗ್ಗದ ಹ್ಯಾಂಡಿಯಲ್ಲಿ ಶುರು ಮಾಡುವುದರಲ್ಲಿ ತಪ್ಪೇನಿಲ್ಲ. ಆದರೆ ಅದು ಟ್ರಾನ್ಸ್‌ಮಿಟ್‌ನಿಂದ ರಿಸೀವ್‌ಗೆ ನಿಧಾನವಾಗಿ ಮರಳುತ್ತದೆ, ಎದುರಿನವರೂ ಅದಕ್ಕೆ ತಕ್ಕಂತೆ ಸಮಯ ಹೊಂದಿಸಿಕೊಳ್ಳಬೇಕು. ಅಂಗಡಿಯಿಂದ ಕೊಳ್ಳುವಾಗ ಬಿಲ್ ಮತ್ತು ಸರ್ಕಾರದ ಅನುಮೋದನೆಯ ವಿವರ ಕೇಳಿ ಪಡೆಯಿರಿ.

ಹಂತ 5: ಆಂಟೆನಾ

ಎತ್ತರವೇ ಎಲ್ಲ. ವಿಎಚ್‌ಎಫ್ ನೇರ ನೋಟದ ಅಲೆ. ಆಂಟೆನಾದ ಎತ್ತರವನ್ನು ಮೀಟರಿನಲ್ಲಿ ತಗೊಂಡು, ಅದರ ವರ್ಗಮೂಲವನ್ನು 4.12ರಿಂದ ಗುಣಿಸಿದರೆ ರೇಡಿಯೊ ದಿಗಂತ ಕಿಲೋಮೀಟರಿನಲ್ಲಿ ಸಿಗುತ್ತದೆ. 10 ಮೀಟರ್ ಕಂಬಕ್ಕೆ 13 ಕಿಲೋಮೀಟರ್. ಇಬ್ಬರದೂ 10 ಮೀಟರ್ ಇದ್ದರೆ 26. ಸುತ್ತಲ ಬಯಲಿಗಿಂತ 500 ಮೀಟರ್ ಎತ್ತರದ ಬೆಟ್ಟದ ಮೇಲಾದರೆ 92. ಮಲೆನಾಡಿನಲ್ಲಿ ನಡುವೆ ಒಂದು ಗುಡ್ಡ ಬಂದರೆ ಈ ಲೆಕ್ಕ ನಿಲ್ಲುವುದಿಲ್ಲ. ಆಗ ಇಬ್ಬರಿಗೂ ಕಾಣುವ ಎತ್ತರದಲ್ಲಿ ಮೂರನೆಯವರ ಡಿಜಿಪೀಟರ್ ಬೇಕಾಗುತ್ತದೆ.

ತೆಳ್ಳಗಿನ ಆರ್‌ಜಿ-58 ಕೇಬಲ್ 20 ಮೀಟರ್ ಎಳೆದರೆ ನಿಮ್ಮ ಪವರಿನ ಅರ್ಧಕ್ಕಿಂತ ಜಾಸ್ತಿ ದಾರಿಯಲ್ಲೇ ಹೋಗುತ್ತದೆ. ಎಲ್‌ಎಂಆರ್-400 ಹಾಕಿದರೆ ನಷ್ಟ ಸುಮಾರು 1 ಡಿಬಿ, ಅಂದರೆ ಪವರಿನ ಐದನೇ ಒಂದು ಭಾಗ. ಏಪ್ರಿಲ್, ಮೇ ತಿಂಗಳ ಸಂಜೆ ಗುಡುಗು ಶುರುವಾಗುವ ಮೊದಲೇ ಕೇಬಲ್ ಕಳಚಿ ಮನೆಯ ಹೊರಗಿಡಿ.

ಹಂತ 6: ಜೋಡಣೆ, ಆಡಿಯೊ ಮಟ್ಟ

ನಿಜವಾದ ಕೆಲಸ ಇದು. ಯಾಕೆ ಅಂತ ಮೊದಲು ಹೇಳುತ್ತೇನೆ. ಎಎಕ್ಸ್.25ರಲ್ಲಿ ತಪ್ಪು ಕಂಡುಹಿಡಿಯುವ ವ್ಯವಸ್ಥೆ ಇದೆ, ತಿದ್ದುವ ವ್ಯವಸ್ಥೆ ಇಲ್ಲ. ನೂರಾರು ಬಿಟ್‌ಗಳಲ್ಲಿ ಒಂದೇ ಒಂದು ಕೆಟ್ಟರೂ ಇಡೀ ಪ್ಯಾಕೆಟ್ ಕಸದ ಬುಟ್ಟಿಗೆ. ಕಿವಿಗೆ ಚೆನ್ನಾಗಿ ಕೇಳಿಸುವ ಸಿಗ್ನಲ್ ಕೂಡ ಮಟ್ಟ ತಪ್ಪಿದ್ದರೆ ಪರದೆಗೆ ಬರುವುದಿಲ್ಲ.

ಮೊದಲು ಕಂಪ್ಯೂಟರ್. ವಿಂಡೋಸ್‌ನಲ್ಲಿ ಲ್ಯಾಪ್‌ಟಾಪಿನ ಸ್ಪೀಕರನ್ನೇ ಡಿಫಾಲ್ಟ್ ಆಗಿ ಇಡಿ, ಇಲ್ಲದಿದ್ದರೆ ನೋಟಿಫಿಕೇಶನ್ ಸದ್ದೆಲ್ಲ ಗಾಳಿಗೆ ಹೋಗುತ್ತದೆ. ರೇಡಿಯೊಗೆ ಸೇರಿದ ಸೌಂಡ್ ಕಾರ್ಡಿನಲ್ಲಿ ಮೈಕ್ ಬೂಸ್ಟ್, ಎಜಿಸಿ, ಆಡಿಯೊ ಎನ್‌ಹ್ಯಾನ್ಸ್‌ಮೆಂಟ್ ಎಲ್ಲ ಆಫ್ ಮಾಡಿ. ಲಿನಕ್ಸ್‌ನಲ್ಲಿ ನಿಮ್ಮ ಯೂಸರ್ ಹೆಸರು ಆಡಿಯೊ ಮತ್ತು ಡಯಲ್‌ಔಟ್ ಗುಂಪುಗಳಲ್ಲಿ ಇರಬೇಕು.

ಆಮೇಲೆ ರೇಡಿಯೊ. ಸ್ಕ್ವೆಲ್ಚ್ (ಸಿಗ್ನಲ್ ಇಲ್ಲದಾಗ ಸದ್ದು ಮುಚ್ಚುವ ವ್ಯವಸ್ಥೆ) ಪೂರ್ತಿ ತೆರೆದಿಡಿ. ಬ್ಯಾಟರಿ ಸೇವರ್, ಡ್ಯುಯಲ್ ವಾಚ್ ಆಫ್. ಇವು ಆನ್ ಇದ್ದರೆ ಪ್ಯಾಕೆಟ್‌ನ ತಲೆಯ ಭಾಗವೇ ಕತ್ತರಿಸಿ ಹೋಗುತ್ತದೆ.

ಡೈರ್‌ವುಲ್ಫ್ ಕಾನ್ಫಿಗ್‌ನಲ್ಲಿ ನಾಲ್ಕೇ ಸಾಲು ಮುಖ್ಯ: ಸೌಂಡ್ ಕಾರ್ಡ್ ಯಾವುದು, ನಿಮ್ಮ ಕಾಲ್‌ಸೈನ್, ಮೋಡೆಮ್ 1200, ಪಿಟಿಟಿ ಯಾವ ಪೋರ್ಟಿನಲ್ಲಿ. ಉಳಿದದ್ದನ್ನು ಮುಟ್ಟಬೇಡಿ. ಮೇಲಿನ ಪ್ರೋಗ್ರಾಂ ಅದಕ್ಕೆ ಸೇರುವುದು ಕಿಸ್‌ಗಾದರೆ ಪೋರ್ಟ್ 8001ರಲ್ಲಿ, ಎಜಿಡಬ್ಲ್ಯೂಗಾದರೆ 8000ದಲ್ಲಿ.

ರಿಸೀವ್ ಮಟ್ಟ: ಪ್ಯಾಕೆಟ್ ಬಂದಾಗ ಡೈರ್‌ವುಲ್ಫ್ ತೋರಿಸುವ ಸಂಖ್ಯೆ 50ರ ಆಸುಪಾಸು ಇರಲಿ. ಪಕ್ಕದಲ್ಲಿ ಆವರಣದೊಳಗೆ ಇನ್ನೆರಡು ಸಂಖ್ಯೆ ಕಾಣುತ್ತವೆ, ಅವು ಎರಡು ಸ್ವರಗಳ ಬಲ. ಅವು ಹತ್ತಿರ ಹತ್ತಿರ ಇದ್ದರೆ ಒಳ್ಳೆಯದು. ಒಂದು ಇನ್ನೊಂದರ ಎರಡು ಪಟ್ಟು ಇದ್ದರೆ, ಒಬ್ಬರು ಮೈಕ್ ದಾರಿಯಲ್ಲಿ ಕಳಿಸುತ್ತ ಇನ್ನೊಬ್ಬರು ಡೇಟಾ ಪೋರ್ಟಿನ 9600 ಪಿನ್‌ನಿಂದ ಕೇಳುತ್ತಿದ್ದಾರಾ ಅಂತ ನೋಡಿ. ಇಬ್ಬರೂ ಒಂದೇ ತರಹದ ಸೆಟ್ ಕೊಂಡಿದ್ದರೆ ಈ ತೊಂದರೆ ಬರುವುದೇ ಇಲ್ಲ.

ಟ್ರಾನ್ಸ್‌ಮಿಟ್ ಮಟ್ಟ: ಗುರಿ ಸುಮಾರು 3 ಕಿಲೋಹರ್ಟ್ಸ್ ಡೀವಿಯೇಶನ್ (ಆಡಿಯೊಗೆ ತಕ್ಕಂತೆ ಫ್ರೀಕ್ವೆನ್ಸಿ ಅತ್ತಿತ್ತ ಸರಿಯುವ ಪ್ರಮಾಣ). ಅಳೆಯುವ ಉಪಕರಣ ಇಲ್ಲದಿದ್ದರೆ ಹೀಗೆ ಮಾಡಿ. ಗೆಳೆಯರ ರೇಡಿಯೊವನ್ನು ಪಕ್ಕದ ಕೋಣೆಯಲ್ಲಿ ಇಟ್ಟು, ನಿಮ್ಮದಕ್ಕೆ ಡಮ್ಮಿ ಲೋಡ್ (ಆಂಟೆನಾ ಬದಲು ಪವರ್ ನುಂಗುವ ಸಾಧನ) ಹಾಕಿ, ಕಡಿಮೆ ಪವರಿನಲ್ಲಿ ಡೈರ್‌ವುಲ್ಫ್‌ನ ಪರೀಕ್ಷಾ ಸ್ವರ ಕಳಿಸಿ. ಸೌಂಡ್ ಕಾರ್ಡ್ ಔಟ್‌ಪುಟ್ ನಿಧಾನಕ್ಕೆ ಏರಿಸಿ. ಒಂದು ಹಂತದ ಮೇಲೆ ಎಷ್ಟು ಏರಿಸಿದರೂ ಆ ಕಡೆ ಸದ್ದು ಜೋರಾಗುವುದಿಲ್ಲ. ಅದು ರೇಡಿಯೊದ ಮಿತಿ. ಅಲ್ಲಿಂದ ಸದ್ದು ಸುಮಾರು ಅರ್ಧಕ್ಕೆ ಇಳಿಯುವ ತನಕ ತಗ್ಗಿಸಿ ನಿಲ್ಲಿಸಿ. ಜಾಸ್ತಿ ಇಟ್ಟರೆ ದೂರ ಹೋಗುತ್ತದೆ ಅನ್ನುವುದು ತಪ್ಪು ನಂಬಿಕೆ. ಹೊಸ ಸ್ಟೇಷನ್‌ಗಳ ಪ್ಯಾಕೆಟ್ ಯಾರಿಗೂ ಅರ್ಥ ಆಗದಿರಲು ದೊಡ್ಡ ಕಾರಣವೇ ಇದು.

ಟಿಎಕ್ಸ್ ಡಿಲೇ: ಪಿಟಿಟಿ ಒತ್ತಿದ ಮೇಲೆ ಡೇಟಾ ಶುರುವಾಗುವ ತನಕ ಬಿಡುವ ಸಮಯ. ಡೈರ್‌ವುಲ್ಫ್‌ನಲ್ಲಿ 30 ಅಂದರೆ 300 ಮಿಲಿಸೆಕೆಂಡ್. ಅಗ್ಗದ ಹ್ಯಾಂಡಿಗೆ 40 ಅಥವಾ 50 ಬೇಕಾಗಬಹುದು.

ಟ್ರಾನ್ಸ್‌ಮಿಟ್ ಮಾಡಿದ ತಕ್ಷಣ ಯುಎಸ್‌ಬಿ ಸಾಧನ ಕಳಚಿಕೊಂಡರೆ ಅಥವಾ ಪಿಟಿಟಿ ಸಿಕ್ಕಿಹಾಕಿಕೊಂಡರೆ ಅದು ಕೇಬಲ್‌ಗೆ ನುಗ್ಗಿದ ರೇಡಿಯೊ ಅಲೆ. ಯುಎಸ್‌ಬಿ ಕೇಬಲ್‌ಗೆ ಫೆರೈಟ್ ಕ್ಲಿಪ್ ಹಾಕಿ, ಆಂಟೆನಾ ದೂರ ಸರಿಸಿ.

ಹಂತ 7: ಮೊದಲ ಸಂಪರ್ಕ, ಕನ್ನಡದಲ್ಲಿ

ಕಾಲ್‌ಸೈನ್ ಪಕ್ಕ ಡ್ಯಾಶ್ ಹಾಕಿ 0ಯಿಂದ 15ರವರೆಗೆ ಒಂದು ಸಂಖ್ಯೆ ಕೊಡಬಹುದು. ಎಪಿಆರ್‌ಎಸ್‌ನಲ್ಲಿ ಹ್ಯಾಂಡಿಗೆ 7, ಕಾರಿಗೆ 9 ಅನ್ನುವುದು ರೂಢಿ. ಐಎಸ್‌ಎಸ್‌ಗೆ ಕಳಿಸುವಾಗ ಪಾತ್ (ಪ್ಯಾಕೆಟ್ ಯಾರ ಮೂಲಕ ಹೋಗಬೇಕು ಅನ್ನುವ) ಜಾಗದಲ್ಲಿ ಎಆರ್‌ಐಎಸ್‌ಎಸ್ ಅಂತ ಹಾಕಿ. ಪಾಸ್‌ಗೆ ಕೆಲವೇ ಪ್ಯಾಕೆಟ್ ಸಾಕು, ಬೇರೆಯವರೂ ಅದೇ ಹತ್ತು ನಿಮಿಷಕ್ಕೆ ಕಾದಿರುತ್ತಾರೆ.

ಗೆಳೆಯರ ಜೊತೆಗಾದರೆ ಟರ್ಮಿನಲ್ ಪ್ರೋಗ್ರಾಂನಲ್ಲಿ ಅವರ ಕಾಲ್‌ಸೈನ್ ಕೊಟ್ಟು ಕನೆಕ್ಟ್ ಮಾಡಿ. ಪ್ಯಾಕೆಟ್ ಉದ್ದ 128 ಬೈಟ್, ಒಮ್ಮೆಗೆ ಕಳಿಸುವ ಪ್ಯಾಕೆಟ್ 2 ಅಂತ ಇಟ್ಟು ಶುರು ಮಾಡಿ. ಸಿಗ್ನಲ್ ಗಟ್ಟಿ ಇದೆ ಅಂತ ಕಂಡ ಮೇಲೆ ಏರಿಸಬಹುದು.

ಕನ್ನಡದಲ್ಲಿ ಬರೆಯಬಹುದಾ? ಖಂಡಿತ. ಪ್ಯಾಕೆಟ್‌ಗೆ ಬೈಟ್ ಮಾತ್ರ ಗೊತ್ತು, ಲಿಪಿ ಗೊತ್ತಿಲ್ಲ. ಎರಡೂ ಕಡೆಯ ಟರ್ಮಿನಲ್ ಯುಟಿಎಫ್-8 ತೋರಿಸುವ ಹಾಗಿರಬೇಕು ಅಷ್ಟೆ. ಆದರೆ ಲೆಕ್ಕ ಇಟ್ಟುಕೊಳ್ಳಿ: ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಚಿಹ್ನೆಗೂ 3 ಬೈಟ್. ಗುಣಿತ, ಒತ್ತು ಎಲ್ಲ ಬೇರೆ ಬೇರೆ ಎಣಿಕೆ. "ನಮಸ್ಕಾರ" ಅನ್ನುವುದು 7 ಚಿಹ್ನೆ, 21 ಬೈಟ್. ಎಪಿಆರ್‌ಎಸ್ ಸಂದೇಶದ ಮಿತಿ 67 ಇರುವುದರಿಂದ ಅದರಲ್ಲಿ ಕನ್ನಡ 22 ಚಿಹ್ನೆಯಷ್ಟೇ ಹಿಡಿಸುತ್ತದೆ, ಹಳೆಯ ಪ್ರೋಗ್ರಾಂಗಳಲ್ಲಿ ಅದೂ ಗೋಜಲಾಗಿ ಕಾಣಬಹುದು. ಕನೆಕ್ಟ್ ಆಗಿ ಮಾತಾಡುವಾಗ ಈ ಮಿತಿ ಇಲ್ಲ, ಉದ್ದದ ಮಾತು ಹಲವು ಪ್ಯಾಕೆಟ್‌ಗಳಾಗಿ ಹೋಗುತ್ತದೆ. 1200 ಬಾಡ್ ಅಂದರೆ ಸೆಕೆಂಡಿಗೆ ಹೆಚ್ಚೆಂದರೆ 150 ಬೈಟ್, ಆದರೂ ಟೈಪ್ ಮಾಡಿದ ಮಾತಿಗೆ ಇದು ಸಾಕು. ಇಂಟರ್ನೆಟ್ ಇಲ್ಲದೆ, ಟವರ್ ಇಲ್ಲದೆ, ಎರಡು ಬ್ಯಾಟರಿಗಳ ನಡುವೆ ಕನ್ನಡದ ಸಾಲು ಓಡಾಡುವುದನ್ನು ನೋಡುವುದಕ್ಕಾಗಿಯೇ ಈ ಸೆಟ್ ಕಟ್ಟಬಹುದು ಅಂತ ನನಗನ್ನಿಸುತ್ತದೆ.

ಸಂಪರ್ಕ ನಿಂತ ಮೇಲೆ ಮುಂದಿನ ಸುಧಾರಣೆ ಎಫ್‌ಎಕ್ಸ್.25 ಅಥವಾ ಐಎಲ್2ಪಿ. ಎರಡೂ ತಪ್ಪು ಬಿಟ್‌ಗಳನ್ನು ತಿದ್ದುತ್ತವೆ, ಎರಡೂ ಡೈರ್‌ವುಲ್ಫ್‌ನಲ್ಲಿ ಇವೆ. ಎಫ್‌ಎಕ್ಸ್.25 ಕಳಿಸಿದರೆ ಹಳೆಯ ಟಿಎನ್‌ಸಿಗಳಿಗೂ ಪ್ಯಾಕೆಟ್ ಅರ್ಥವಾಗುತ್ತದೆ. ಐಎಲ್2ಪಿ ಹಾಗಲ್ಲ, ಎರಡೂ ಕಡೆ ಅದೇ ಇರಬೇಕು. ಇಬ್ಬರೇ ಇರುವ ಸಂಪರ್ಕಕ್ಕೆ ಐಎಲ್2ಪಿ ಹಾಕಿ, ಮೂರನೆಯವರು ಹಳೆಯ ಟಿಎನ್‌ಸಿ ಹಿಡಿದು ಬಂದ ದಿನ ಎಫ್‌ಎಕ್ಸ್.25ಗೆ ಬದಲಿಸಿಕೊಳ್ಳಿ.